ಏರು ಹತ್ತುವಾಗ ಕೊಬ್ಬು ಎಲ್ಲಿ ಉರಿಯುತ್ತದೆ?

(ವಿರಾಜಪೇಟೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೊಜ್ಜಿನ ಬಗ್ಗೆ ಮಾತು ಅಂದ ಕೂಡಲೇ ಕೆಲವರು ಬರಲು ಹಿಂಜರಿದರಂತೆ. ಅಲ್ಲಿ ಹೋದರೆ ನಮ್ಮನ್ನೇ ತೋರಿಸಿ ಬುದ್ಧಿ ಹೇಳುತ್ತಾರೆ ಅನ್ನುವ ಭಯ. ಅದು ಸಹಜ. ದಪ್ಪ ಇರುವವರಿಗೆ ಬುದ್ಧಿಮಾತು ಬೇಕಾದಷ್ಟು ಸಿಕ್ಕಿರುತ್ತದೆ. ಮನೆಯಲ್ಲಿ, ಮದುವೆ ಮಂಟಪದಲ್ಲಿ, ಬಸ್ಸಿನಲ್ಲಿ, ಡಾಕ್ಟರ ಕೋಣೆಯಲ್ಲೂ ಸಿಕ್ಕಿರುತ್ತದೆ. ಸಿಗದೇ ಇರುವುದು ವಿವರಣೆ. "ನಡೀರಿ, ಕೊಬ್ಬು ಕರಗುತ್ತೆ" ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಕರಗುತ್ತದೆ, ಎಷ್ಟು ಕರಗುತ್ತದೆ, ಅಷ್ಟು ನಡೆದರೂ ಕೆಲವರಿಗೆ ಯಾಕೆ ಕರಗುವುದಿಲ್ಲ ಎಂದು ಕೂತು ಹೇಳುವವರು ಕಡಿಮೆ. ಇವತ್ತು ನಾನು ಅದನ್ನೇ ಹೇಳುತ್ತೇನೆ.

ಮೊದಲು ಒಂದು ಅಳತೆ. ನಮ್ಮ ದೇಶದವರಿಗೆ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 25 ದಾಟಿದರೆ ಬೊಜ್ಜು ಎಂದು ಭಾರತೀಯ ತಜ್ಞರು 2009ರಲ್ಲಿ ಗೊತ್ತುಮಾಡಿದರು. ಯುರೋಪಿನವರಿಗೆ ಈ ಗಡಿ 30. ನಮ್ಮಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ. ಅದಕ್ಕೇ ಗಡಿ ಕೆಳಗಿದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ಅಳತೆಯ ಮಾತು ಇಷ್ಟು ಸಾಕು.

ಈಗ ಕೊಬ್ಬಿಗೆ ಬರೋಣ. ನಮ್ಮ ಚರ್ಮದ ಕೆಳಗೆ, ಹೊಟ್ಟೆಯೊಳಗೆ ಕೊಬ್ಬಿನ ಕಣಗಳಿವೆ, ಅಂದರೆ ಕೊಬ್ಬು ತುಂಬಿಡುವ ಜೀವಕೋಶಗಳು. ಒಂದೊಂದು ಕಣದಲ್ಲೂ ಒಂದು ದೊಡ್ಡ ಎಣ್ಣೆಯ ಹನಿ. ಅದರ ಹೆಸರು ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನ ಆಮ್ಲಗಳು ಅಂಟಿಕೊಂಡ ರಚನೆ ಅದು. ನೀವು ಎದ್ದು ನಡೆಯಲು ಶುರು ಮಾಡಿದ ಕೆಲವೇ ನಿಮಿಷದಲ್ಲಿ ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ, ಇನ್ಸುಲಿನ್ ಇಳಿಯುತ್ತದೆ. ಈ ಎರಡು ಸೂಚನೆ ಸಿಕ್ಕ ಕೂಡಲೇ ಕೊಬ್ಬಿನ ಕಣದಲ್ಲಿರುವ ಕಿಣ್ವಗಳು ಆ ಹನಿಯನ್ನು ಒಡೆಯುತ್ತವೆ. ಬಿಡಿಯಾದ ಕೊಬ್ಬಿನ ಆಮ್ಲ ರಕ್ತಕ್ಕೆ ಬರುತ್ತದೆ. ಅದು ನೀರಿನಲ್ಲಿ ಬೆರೆಯುವ ವಸ್ತು ಅಲ್ಲ, ಹಾಗಾಗಿ ಅಲ್ಬುಮಿನ್ ಎಂಬ ಪ್ರೋಟೀನ್ ಅದನ್ನು ಹೊತ್ತು ಮಾಂಸಖಂಡದವರೆಗೆ ತಲುಪಿಸುತ್ತದೆ.

ಇಲ್ಲಿಯವರೆಗೆ ಕೊಬ್ಬು ಜಾಗ ಬದಲಾಯಿಸಿದೆ, ಅಷ್ಟೆ. ಇನ್ನೂ ಉರಿದಿಲ್ಲ. ಹೊಟ್ಟೆಯಿಂದ ಹೊರಟ ಕೊಬ್ಬು ಮಾಂಸಖಂಡದಲ್ಲಿ ಬಳಕೆಯಾಗದಿದ್ದರೆ ಮತ್ತೆ ಪಿತ್ತಜನಕಾಂಗಕ್ಕೋ ಕೊಬ್ಬಿನ ಕಣಕ್ಕೋ ಹಿಂದಿರುಗುತ್ತದೆ. ಉರಿಯುವುದು ಮಾಂಸಖಂಡದ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯದಲ್ಲಿ. ಅದರ ಒಳಗೆ ಹೋಗಲು ಉದ್ದನೆಯ ಕೊಬ್ಬಿನ ಆಮ್ಲಕ್ಕೆ ಕಾರ್ನಿಟಿನ್ ಎಂಬ ವಸ್ತುವಿನ ಸಹಾಯ ಬೇಕು. ಸಿಪಿಟಿ-1 ಎಂಬ ಕಿಣ್ವ ಅದನ್ನು ಕಾರ್ನಿಟಿನ್‌ಗೆ ಜೋಡಿಸುತ್ತದೆ. ಒಳಗೆ ಹೋದ ಮೇಲೆ ಆಮ್ಲಜನಕದ ಜೊತೆ ಸೇರಿ ಶಕ್ತಿ, ಕಾರ್ಬನ್ ಡೈಆಕ್ಸೈಡ್, ನೀರು ಆಗುತ್ತದೆ. ಈ ಸಿಪಿಟಿ-1 ಎಂಬ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಕರಗಿದ ಕೊಬ್ಬು ಎಲ್ಲಿ ಹೋಯಿತು? ಬೆವರಾಗಿ ಹೋಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಇದರ ಲೆಕ್ಕ ಬರೆದು ತೋರಿಸಿದರು. 10 ಕೆಜಿ ಕೊಬ್ಬು ಪೂರ್ತಿ ಉರಿದರೆ, ಅದರಲ್ಲಿ 8.4 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ. ಉಳಿದ 1.6 ಕೆಜಿ ನೀರಾಗುತ್ತದೆ. ಅಷ್ಟು ಉರಿಸಲು 29 ಕೆಜಿ ಆಮ್ಲಜನಕ ಬೇಕು. ಅಂದರೆ ಕೊಬ್ಬು ಹೆಚ್ಚಿನ ಪಾಲು ಹೊರಗೆ ಹೋಗುವುದು ಮೂಗು ಬಾಯಿಂದ. ಹಾಗಂತ ಸುಮ್ನೆ ಕೂತು ಜೋರಾಗಿ ಉಸಿರಾಡಿದರೆ ಕೊಬ್ಬು ಹೋಗುವುದಿಲ್ಲ, ತಲೆ ಸುತ್ತುತ್ತದೆ. ಮಾಂಸಖಂಡ ಕೆಲಸ ಮಾಡಿದರೆ ಮಾತ್ರ ಆ ಇಂಗಾಲ ಉಸಿರಿಗೆ ಬರುತ್ತದೆ. ಬೆವರಲಿ ಎಂದು ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಳೆದುಕೊಳ್ಳುವುದು ನೀರು ಮಾತ್ರ. ಎರಡು ಲೋಟ ನೀರು ಕುಡಿದರೆ ಆ ತೂಕ ವಾಪಸ್ ಬರುತ್ತದೆ. ಮೈ ಬಿಸಿಯೇರಿ ಅಪಾಯವೂ ಆಗಬಹುದು.

ಇನ್ನೊಂದು ವಿಷಯ. ದೇಹ ಕೊಬ್ಬನ್ನೊಂದೇ ಉರಿಸುವುದಿಲ್ಲ. ಯಾವಾಗಲೂ ಕೊಬ್ಬು ಮತ್ತು ಸಕ್ಕರೆ, ಎರಡೂ ಒಟ್ಟಿಗೆ ಬಳಕೆಯಾಗುತ್ತವೆ. ಪ್ರಮಾಣ ಮಾತ್ರ ಬದಲಾಗುತ್ತದೆ. ಇದನ್ನು ಉಸಿರಿನಿಂದಲೇ ಅಳೆಯಬಹುದು. ಬರೀ ಸಕ್ಕರೆ ಉರಿದರೆ, ಒಳಗೆ ಹೋದ ಆಮ್ಲಜನಕದಷ್ಟೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ, ಅನುಪಾತ 1. ಬರೀ ಕೊಬ್ಬು ಉರಿದರೆ ಸುಮಾರು 0.7. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಯೊಹಾನೆಸ್ ಲಿಂಡ್‌ಹಾರ್ಡ್ 1920ರಲ್ಲೇ ಜನರನ್ನು ಸೈಕಲ್ ತುಳಿಸಿ, ಉಸಿರು ಅಳೆದು ಇದನ್ನು ತೋರಿಸಿದ್ದರು. ನೂರು ವರ್ಷ ದಾಟಿತು. ಇವತ್ತಿಗೂ ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಅಳೆಯುವುದು ಇದೇ ಅನುಪಾತವನ್ನು.

ನಿಧಾನ ನಡೆದರೆ ಕೊಬ್ಬಿನ ಪಾಲು ಜಾಸ್ತಿ. ವೇಗ ಏರಿದಂತೆ ಸಕ್ಕರೆಯ ಪಾಲು ಏರುತ್ತದೆ. ಒಂದು ಹಂತದಲ್ಲಿ ಸಕ್ಕರೆ ಕೊಬ್ಬನ್ನು ಹಿಂದಿಕ್ಕುತ್ತದೆ. ಸಕ್ಕರೆ ಭರದಿಂದ ಒಡೆಯತೊಡಗಿದಾಗ ಮೈಟೊಕಾಂಡ್ರಿಯದ ಒಳಗೆ ಕೊಬ್ಬಿನ ಆಮ್ಲದ ಪ್ರವೇಶ ಕಡಿಮೆಯಾಗುತ್ತದೆ, ಸಿಪಿಟಿ-1ರ ಕೆಲಸ ಕುಂಠಿತವಾಗುತ್ತದೆ. ನಿಮಿಷಕ್ಕೆ ಅತಿ ಹೆಚ್ಚು ಕೊಬ್ಬು ಉರಿಯುವ ಒಂದು ಮಧ್ಯದ ವೇಗ ಇರುತ್ತದೆ. ಅದು ಎಲ್ಲರಿಗೂ ಒಂದೇ ಅಲ್ಲ.

ಇದನ್ನು ನಮ್ಮ ಊರಿನ ಏರಿಗೆ ಹೊಂದಿಸಿ ನೋಡಿ. ಕೊಡಗಿನಲ್ಲಿ ಸಮತಟ್ಟು ಜಾಗ ಹುಡುಕುವುದೇ ಕಷ್ಟ. ಮಡಿಕೇರಿಯಲ್ಲಂತೂ ಮನೆಯಿಂದ ಹೊರಟರೆ ಇಳಿಯಬೇಕು ಅಥವಾ ಹತ್ತಬೇಕು. 100 ಮೀಟರ್ ಎತ್ತರ ಹತ್ತಲು 60 ಕೆಜಿ ತೂಕದವರಿಗೆ ಸುಮಾರು 55 ಕಿಲೊಕ್ಯಾಲೊರಿ ಸಾಕು. 100 ಕೆಜಿ ಇದ್ದರೆ 90ಕ್ಕೂ ಜಾಸ್ತಿ ಬೇಕು. ಜೊತೆಯಲ್ಲಿ ನಡೆಯುವ ತೆಳ್ಳಗಿನ ಸ್ನೇಹಿತರು ಮಾತಾಡುತ್ತಾ ಕೊಬ್ಬು ಉರಿಸಿಕೊಂಡು ಹತ್ತುತ್ತಾರೆ. ಅದೇ ವೇಗದಲ್ಲಿ ಹತ್ತುವ ದಪ್ಪ ಇರುವವರು ಆಗಲೇ ತಮ್ಮ ಮಿತಿ ಮುಟ್ಟಿರುತ್ತಾರೆ. ಅವರ ದೇಹ ಹೆಚ್ಚಾಗಿ ಸಕ್ಕರೆ ಉರಿಸುತ್ತಿರುತ್ತದೆ. ಏದುಸಿರು, ಕಾಲು ನೋವು, ಮನೆಗೆ ಬಂದ ಕೂಡಲೇ ಹಸಿವು. ಅದನ್ನು ನೋಡಿ ನಾವು "ಸೋಮಾರಿ" ಅನ್ನುತ್ತೇವೆ. ನನಗೆ ಇದು ತುಂಬಾ ನೋವು ಕೊಡುವ ಮಾತು. ಅದೇ ರಸ್ತೆಯಲ್ಲಿ ಅವರು ಮಾಡುತ್ತಿರುವ ಕೆಲಸ ನಿಮ್ಮದಕ್ಕಿಂತ ದೊಡ್ಡದು.

ಈಗ ಮುಖ್ಯ ಪ್ರಶ್ನೆ. ಬೊಜ್ಜು ಇರುವವರ ದೇಹದಲ್ಲಿ ಕೊಬ್ಬು ಉರಿಯಲು ಏನು ಅಡ್ಡಿ? 95 ಕೆಜಿ ತೂಕದ ಒಬ್ಬರಲ್ಲಿ 35 ಕೆಜಿ ಕೊಬ್ಬಿದೆ ಅಂದುಕೊಳ್ಳಿ. ಗ್ರಾಂಗೆ 9 ಕಿಲೊಕ್ಯಾಲೊರಿಯಂತೆ ಅದರಲ್ಲಿ ಮೂರು ಲಕ್ಷ ಕಿಲೊಕ್ಯಾಲೊರಿಗೂ ಹೆಚ್ಚು ಶಕ್ತಿ ಇದೆ. ಅದೇ ದೇಹದಲ್ಲಿ ಸಕ್ಕರೆಯ ದಾಸ್ತಾನು ಎರಡು ಸಾವಿರದ ಆಸುಪಾಸು ಮಾತ್ರ. ಇಷ್ಟು ಕೊಬ್ಬು ಇಟ್ಟುಕೊಂಡೂ ದೇಹ ಸಕ್ಕರೆಗೆ ಯಾಕೆ ಕೈ ಚಾಚುತ್ತದೆ?

ಪತ್ತಾಯ ತುಂಬಾ ಭತ್ತ ಇದೆ, ಆದರೆ ಊರಿನ ಮಿಲ್ಲು ಅರ್ಧ ಸಾಮರ್ಥ್ಯದಲ್ಲಿ ಓಡುತ್ತಿದೆ ಅಂದುಕೊಳ್ಳಿ. ಮೂಟೆಗಳನ್ನು ಜಾಸ್ತಿ ಜಾಸ್ತಿ ತಂದು ಮಿಲ್ಲಿನ ಅಂಗಳಕ್ಕೆ ಹಾಕಿದರೆ ಅಕ್ಕಿ ಹೆಚ್ಚು ಬರುವುದಿಲ್ಲ. ಮೂಟೆ ಅಂಗಳದಲ್ಲೇ ರಾಶಿ ಬಿದ್ದು, ಮಳೆಗೆ ನೆನೆದು ಕೆಡುತ್ತದೆ. ಬೊಜ್ಜಿನಲ್ಲಿ ಆಗುವುದು ಹೆಚ್ಚುಕಡಿಮೆ ಇದೇ. ಒಂದೊಂದು ಕಿಲೊ ಕೊಬ್ಬು ಅಡ್ರಿನಲಿನ್ ಮಾತು ಕೇಳುವುದು ಕಡಿಮೆ, ನಿಜ. ಆದರೆ ಒಟ್ಟು ಕೊಬ್ಬು ಅಷ್ಟೊಂದು ಇರುವುದರಿಂದ ರಕ್ತಕ್ಕೆ ಬರುವ ಕೊಬ್ಬಿನ ಆಮ್ಲಕ್ಕೆ ಸಾಮಾನ್ಯವಾಗಿ ಕೊರತೆ ಇಲ್ಲ, ಹಲವರಲ್ಲಿ ಹೆಚ್ಚೇ ಇರುತ್ತದೆ. ಕೊರತೆ ಮಾಂಸಖಂಡದಲ್ಲಿ. ತೀವ್ರ ಬೊಜ್ಜು ಇರುವವರ ಮಾಂಸಖಂಡದ ತುಣುಕನ್ನು ತೆಗೆದು ನೋಡಿದಾಗ ಸಿಪಿಟಿ-1ರ ಚಟುವಟಿಕೆ ಕಡಿಮೆ, ಮೈಟೊಕಾಂಡ್ರಿಯದ ಸಾಮರ್ಥ್ಯ ಕಡಿಮೆ ಎಂದು ಕಂಡಿದೆ. ಉರಿಯದ ಕೊಬ್ಬು ಅಲ್ಲೇ ಸೆರಮೈಡ್‌ನಂಥ ವಸ್ತುಗಳಾಗಿ ಉಳಿಯುತ್ತದೆ. ಅವು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಜಾಸ್ತಿಯಾದರೆ ಕೊಬ್ಬು ಉರಿಯುವುದು ಮತ್ತಷ್ಟು ಕಡಿಮೆ. ಇದು ಸುತ್ತುತ್ತಲೇ ಇರುತ್ತದೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬೊಜ್ಜು ಇರುವ ಎಲ್ಲರಲ್ಲೂ ಕೊಬ್ಬು ಕಡಿಮೆ ಉರಿಯುತ್ತದೆ ಎಂದು ಅಧ್ಯಯನಗಳು ಒಂದೇ ದನಿಯಲ್ಲಿ ಹೇಳುವುದಿಲ್ಲ. ಕೆಲವು ಅಧ್ಯಯನಗಳಲ್ಲಿ ವ್ಯಾಯಾಮದ ಹೊತ್ತು ಅವರಲ್ಲಿ ತೆಳ್ಳಗಿನವರಷ್ಟೇ, ಇನ್ನೂ ಜಾಸ್ತಿ ಕೂಡ ಉರಿದಿದೆ. ದೈಹಿಕ ಕ್ಷಮತೆ ಎಷ್ಟಿದೆ, ಇನ್ಸುಲಿನ್ ಹೇಗೆ ಕೆಲಸ ಮಾಡುತ್ತಿದೆ, ಹೆಂಗಸೋ ಗಂಡಸೋ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅಂದಹಾಗೆ ಒಂದೇ ಶ್ರಮಮಟ್ಟದಲ್ಲಿ ಹೆಂಗಸರ ದೇಹ ಗಂಡಸರಿಗಿಂತ ಕೊಬ್ಬಿನ ಪಾಲನ್ನು ಹೆಚ್ಚು ಬಳಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತೂಕಕ್ಕಿಂತ ಕ್ಷಮತೆಯ ಪಾತ್ರ ದೊಡ್ಡದು.

ಹಾಗೆ ಹೇಳಲು ನನಗೆ ಧೈರ್ಯ ಕೊಟ್ಟ ಅಧ್ಯಯನ ಒಂದಿದೆ. ಅಮೆರಿಕದ ಈಸ್ಟ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ್ದು. ತೀವ್ರ ಬೊಜ್ಜು ಇದ್ದು ಆಮೇಲೆ ತುಂಬಾ ತೂಕ ಇಳಿಸಿಕೊಂಡವರ ಮಾಂಸಖಂಡವನ್ನು ಅವರು ಪರೀಕ್ಷಿಸಿದರು. ತೂಕ ಇಳಿದಿತ್ತು, ಆದರೆ ಮಾಂಸಖಂಡ ಕೊಬ್ಬು ಉರಿಸುವ ಸಾಮರ್ಥ್ಯ ಸುಧಾರಿಸಿರಲಿಲ್ಲ. ಆಮೇಲೆ ಸತತ 10 ದಿನ ವ್ಯಾಯಾಮ ಮಾಡಿಸಿದರು. ತೆಳ್ಳಗಿನವರು, ದಪ್ಪ ಇರುವವರು, ತೂಕ ಇಳಿಸಿಕೊಂಡವರು, ಮೂರೂ ಗುಂಪಿನಲ್ಲಿ ಆ ಸಾಮರ್ಥ್ಯ ಏರಿತು. ಹತ್ತೇ ದಿನ! ಹತ್ತು ದಿನದಲ್ಲಿ ತೂಕದ ಯಂತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಆದರೆ ಒಳಗೆ ಮಾಂಸಖಂಡ ಬದಲಾಗಿರುತ್ತದೆ.

ಇವತ್ತು ಇಷ್ಟು ದೂರ ಬಂದು ನಾನು ಹೇಳಬೇಕಾದದ್ದು ಇದನ್ನೇ. ಒಂದು ತಿಂಗಳು ನಡೆದು, ತೂಕ ನೋಡಿ, ಕಾಲು ಕೆಜಿಯೂ ಇಳಿದಿಲ್ಲ ಎಂದು ಶೂ ತೆಗೆದು ಮೂಲೆಗೆ ಇಟ್ಟವರು ಈ ಸಭೆಯಲ್ಲಿ ಎಷ್ಟೋ ಜನ ಇರಬಹುದು. ನಿಮ್ಮ ನಡಿಗೆ ವ್ಯರ್ಥವಾಗಿರಲಿಲ್ಲ. ನಿಯಮಿತ ನಡಿಗೆಯಿಂದ ಹೊಟ್ಟೆಯೊಳಗಿನ ಕೊಬ್ಬು, ಪಿತ್ತಜನಕಾಂಗದ ಕೊಬ್ಬು ತೂಕ ಇಳಿಯದೇ ಇದ್ದರೂ ಕಡಿಮೆಯಾಗುತ್ತದೆ. ಒಂದು ದಿನದ ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭ ಒಂದೆರಡು ದಿನ ಉಳಿಯುತ್ತದೆ. ಅದಕ್ಕೇ ಭಾನುವಾರ ಒಂದೇ ದಿನ ಮೂರು ಗಂಟೆ ನಡೆಯುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು.

ಹಾಕಿ ಆಡುವವರ ವಿಷಯ ಇಲ್ಲಿ ಸೇರಿಸಬೇಕು, ಕೊಡಗಿನಲ್ಲಿ ಹಾಕಿ ಬಿಟ್ಟು ಮಾತು ಮುಗಿಯುವುದುಂಟೇ? ಕೊಡವ ಮನೆತನಗಳ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಒಂದೇ ಮನೆತನದ ಅಜ್ಜ, ಸೊಸೆ, ಮೊಮ್ಮಗ ಒಟ್ಟಿಗೆ ಮೈದಾನಕ್ಕೆ ಇಳಿಯುವುದನ್ನು ನೋಡಿದ್ದೇವೆ. ಪಳಗಿದ ಆಟಗಾರರ ಮಾಂಸಖಂಡದೊಳಗೂ ಕೊಬ್ಬಿನ ಹನಿಗಳಿರುತ್ತವೆ, ಸಕ್ಕರೆ ಕಾಯಿಲೆ ಇರುವ, ದಿನವಿಡೀ ಕೂತಿರುವವರ ಮಾಂಸಖಂಡದೊಳಗೂ ಇರುತ್ತವೆ. ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ. ಆಟಗಾರರಲ್ಲಿ ಅದು ದಿನಾ ಖರ್ಚಾಗಿ ದಿನಾ ತುಂಬುತ್ತದೆ, ಅವರ ಇನ್ಸುಲಿನ್‌ಗೆ ಏನೂ ತೊಂದರೆ ಇಲ್ಲ. ಕೂತಿರುವವರಲ್ಲಿ ಅದು ನಿಂತುಬಿಟ್ಟಿರುತ್ತದೆ.

ಇನ್ನು ಎಷ್ಟು ಉರಿಯುತ್ತದೆ ಎಂಬ ಲೆಕ್ಕ. ಅಭ್ಯಾಸ ಇಲ್ಲದವರು ತಮಗೆ ಹೊಂದುವ ವೇಗದಲ್ಲಿ ನಡೆದರೆ ನಿಮಿಷಕ್ಕೆ ಸುಮಾರು 0.3 ಗ್ರಾಂ ಕೊಬ್ಬು ಉರಿಯುತ್ತದೆ. ಒಂದು ಗಂಟೆಗೆ 18 ಗ್ರಾಂ. ಅಡುಗೆ ಎಣ್ಣೆಯ ಲೆಕ್ಕದಲ್ಲಿ ಒಂದೂಕಾಲು ದೊಡ್ಡ ಚಮಚ. ದಿನಾ ಒಂದು ಗಂಟೆಯಂತೆ ತಿಂಗಳಿಗೆ ಅರ್ಧ ಕೆಜಿ ಚಿಲ್ಲರೆ. ಕೇಳಲು ಕಡಿಮೆ ಅನ್ನಿಸುತ್ತದೆ, ಅಲ್ವಾ? "15 ದಿನದಲ್ಲಿ 10 ಕೆಜಿ" ಎಂಬ ಜಾಹೀರಾತು ನೋಡಿದಾಗ ಈ ಲೆಕ್ಕ ನೆನಪು ಮಾಡಿಕೊಳ್ಳಿ. ತೂಕ ಇಳಿಸುವುದೇ ಗುರಿ ಆದರೆ ಊಟ ಬದಲಾಗದೆ ಬರೀ ನಡಿಗೆಯಿಂದ ಆಗುವುದು ಕಷ್ಟ. ಊಟದ ಬದಲಾವಣೆ ತೂಕ ಇಳಿಸುತ್ತದೆ, ವ್ಯಾಯಾಮ ಮಾಂಸಖಂಡವನ್ನು ಸರಿ ಮಾಡುತ್ತದೆ. ಇಳಿದ ತೂಕ ಮತ್ತೆ ಏರದಂತೆ ಹಿಡಿಯುವುದರಲ್ಲೂ ವ್ಯಾಯಾಮದ ಪಾಲು ದೊಡ್ಡದು.

ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ಕೊಬ್ಬು ಉರಿಯುವ ವಲಯ ಎಂದು ಬಣ್ಣದ ಪಟ್ಟಿ ಇರುತ್ತದೆ. ಅದು ವಯಸ್ಸಿನಿಂದ ಎದೆಬಡಿತ ಲೆಕ್ಕ ಹಾಕಿ ಮಾಡಿದ ಸರಾಸರಿ. ನಿಮ್ಮ ಮಾಂಸಖಂಡದ ಸ್ಥಿತಿ ಅದಕ್ಕೆ ಗೊತ್ತಿಲ್ಲ. ಅದಕ್ಕಿಂತ ಒಳ್ಳೆಯ ಅಳತೆ ನಿಮ್ಮ ಮಾತು. ನಡೆಯುವಾಗ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಆ ವೇಗ ಸಾಕು. ಏರಿನಲ್ಲಿ ಮಾತು ತುಂಡಾದರೆ ನಿಧಾನ ಮಾಡಿ, ನಿಲ್ಲಿ. ನಿಂತರೆ ಅವಮಾನ ಏನಿಲ್ಲ. ಶುರುವಿನಲ್ಲಿ ಗದ್ದೆ ಬದಿಯ ರಸ್ತೆಯೋ ಶಾಲೆಯ ಮೈದಾನವೋ ಸಮತಟ್ಟು ಜಾಗ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮ. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ.

ಇನ್ನು ಪ್ರಶ್ನೆಗಳು.

ಒಬ್ಬರು ಹೊಟ್ಟೆ ಮಾತ್ರ ಇಳಿಸಲು ಏನು ಮಾಡಬೇಕು ಎಂದು ಕೇಳಿದರು. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಮಾಂಸಖಂಡ ಗಟ್ಟಿಯಾಗುತ್ತದೆ, ಅದರ ಮೇಲಿನ ಕೊಬ್ಬೇ ಮೊದಲು ಉರಿಯುತ್ತದೆ ಎಂದೇನಿಲ್ಲ. ಕೊಬ್ಬು ರಕ್ತದ ಮೂಲಕ ಬರುವುದರಿಂದ ಯಾವ ಜಾಗದ್ದು ಹೊರಡಬೇಕು ಎಂದು ನಾವು ಆರಿಸಲು ಆಗುವುದಿಲ್ಲ. ಒಂದು ಸಮಾಧಾನ ಇದೆ. ಹೊಟ್ಟೆಯ ಒಳಗಿನ ಕೊಬ್ಬು ಅಡ್ರಿನಲಿನ್ ಮಾತು ಬೇಗ ಕೇಳುತ್ತದೆ. ಸೊಂಟ, ತೊಡೆಯ ಕೊಬ್ಬು ನಿಧಾನ. ಹೆಚ್ಚು ಕಾಯಿಲೆ ತರುವುದು ಹೊಟ್ಟೆಯ ಒಳಗಿನದ್ದೇ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಡೆದರೆ ಜಾಸ್ತಿ ಉರಿಯುತ್ತದಾ? ಆ ಹೊತ್ತಿಗೆ ಹೌದು, ಯಾಕೆಂದರೆ ಇನ್ಸುಲಿನ್ ಕಡಿಮೆ ಇರುತ್ತದೆ. ಆದರೆ ಇಡೀ ದಿನದ ಊಟ ಒಂದೇ ಆಗಿದ್ದರೆ ವಾರಗಳ ಕೊನೆಗೆ ಕರಗುವ ಕೊಬ್ಬಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನಿಮಗೆ ಯಾವ ಹೊತ್ತು ಅನುಕೂಲವೋ ಆ ಹೊತ್ತು ನಡೆಯಿರಿ. ಸಿದ್ದಾಪುರದ ಕಡೆಯ ಒಬ್ಬರು ಎದ್ದು, ಬೆಳಕು ಹರಿಯುವ ಮೊದಲು ಹೊರಟರೆ ತೋಟದ ದಾರಿಯಲ್ಲಿ ಆನೆ ಎಂದರು. ನಿಜ, ಪೇಟೆಯವರು ಬರೆದ ಸಲಹೆಯಲ್ಲಿ ಆನೆ ಇರುವುದಿಲ್ಲ. ನೀವು ಬಿಸಿಲು ಬಂದ ಮೇಲೆ, ಇಲ್ಲವೇ ಮಧ್ಯಾಹ್ನದ ಊಟ ಆದ ಮೇಲೆ ಅಂಗಳದಲ್ಲೇ ನಡೆಯಿರಿ. ಊಟದ ನಂತರ 10-15 ನಿಮಿಷ ನಡೆದರೆ ರಕ್ತದ ಸಕ್ಕರೆ ಏರುವುದು ಕಡಿಮೆಯಾಗುತ್ತದೆ, ಅದೂ ಲಾಭವೇ.

ಕಾಫಿಯ ಪ್ರಶ್ನೆ ಬರದೆ ಇರುತ್ತದೆಯೇ? ವ್ಯಾಯಾಮಕ್ಕೆ ಮೊದಲು ಕೆಫೀನ್ ತೆಗೆದುಕೊಂಡರೆ ಕೊಬ್ಬು ಉರಿಯುವುದು ಸ್ವಲ್ಪ ಏರುತ್ತದೆ ಎಂದು ಅಧ್ಯಯನಗಳಿವೆ. ಸ್ವಲ್ಪ ಮಾತ್ರ. ನಮ್ಮ ಬೆಲ್ಲದ ಕಾಫಿ ಕುಡಿದರೆ ಬೆಲ್ಲ ಇನ್ಸುಲಿನ್ ಏರಿಸುತ್ತದೆ, ಆ ಲಾಭ ಅಲ್ಲೇ ಹೋಗುತ್ತದೆ. ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಎಂಬ ನಂಬಿಕೆ ಈ ವಿಷಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಡೆಯುವ ಮೊದಲಿನ ಒಂದು ಲೋಟ ಸಪ್ಪೆ ಕಾಫಿ ಆಗಲಿ.

ತೋಟದಲ್ಲಿ ದಿನವಿಡೀ ಇರುತ್ತೇವೆ, ಬೇರೆ ವ್ಯಾಯಾಮ ಯಾಕೆ ಎಂದು ಕೇಳಿದವರಿಗೆ: ನೀವೇ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುತ್ತೀರಾ, ಗೊಬ್ಬರ ಹೊರುತ್ತೀರಾ, ಇಳಿಜಾರಿನಲ್ಲಿ ಓಡಾಡುತ್ತೀರಾ? ಹಾಗಿದ್ದರೆ ಅದು ವ್ಯಾಯಾಮವೇ, ಲೆಕ್ಕಕ್ಕೆ ಹಿಡಿಯಿರಿ. ಜೀಪಿನಲ್ಲಿ ಹೋಗಿ, ನಿಂತು ಕೆಲಸ ಮಾಡಿಸಿ ಬಂದರೆ ಅದು ನಿಂತ ಲೆಕ್ಕ.

ಹೊಸ ಇಂಜೆಕ್ಷನ್‌ಗಳ ಬಗ್ಗೆ ಒಬ್ಬ ತಾಯಿ ಕೇಳಿದರು. ಮೌಂಜಾರೊ, ವೆಗೋವಿ 2025ರಲ್ಲಿ ನಮ್ಮ ದೇಶಕ್ಕೆ ಬಂದಿವೆ. ಅವು ಹಸಿವು ಇಳಿಸಿ ತೂಕ ಚೆನ್ನಾಗಿ ಇಳಿಸುತ್ತವೆ. ಅಗತ್ಯ ಇರುವವರಿಗೆ ಡಾಕ್ಟರ್ ಕೊಟ್ಟರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಪಡಬೇಕಾದದ್ದು ಏನೂ ಇಲ್ಲ. ಆದರೆ ಹೀಗೆ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಸ್ವಲ್ಪ ಹೋಗುತ್ತದೆ. ಕೊಬ್ಬು ಉರಿಸುವ ಜಾಗವೇ ಸಣ್ಣದಾದರೆ ಹೇಗೆ? ಹಾಗಾಗಿ ಅವರಿಗೆ ಬಲಪಡಿಸುವ ವ್ಯಾಯಾಮ, ಸಾಕಷ್ಟು ಪ್ರೋಟೀನ್ ಬೇರೆಯವರಿಗಿಂತ ಜಾಸ್ತಿ ಬೇಕು.

ಕೊನೆಯ ಪ್ರಶ್ನೆ ಮಳೆಯದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜುಲೈ-ಆಗಸ್ಟ್‌ನಲ್ಲಿ ಬರುವ ಕಕ್ಕಡ ತಿಂಗಳಲ್ಲಿ, ಹೊರಗೆ ಕಾಲಿಡಲು ಆಗುವುದಿಲ್ಲ, ಆಗ ಏನು ಮಾಡುವುದು? ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ, ಸ್ವಲ್ಪ ನಿಂತು ಮತ್ತೆ ಹತ್ತು ಸಲ. ಮನೆಯ ಮೆಟ್ಟಿಲು ಇದ್ದರೆ ಅದನ್ನು ಹತ್ತಿ ಇಳಿಯುವುದು. ಗೋಡೆಗೆ ಕೈ ಕೊಟ್ಟು ಮೈ ತಳ್ಳುವುದು. ಜಗುಲಿಯ ಉದ್ದಕ್ಕೂ ನಡೆಯುವುದು. ಮಂಡಿ ನೋವು ಇದ್ದರೆ ಮೆಟ್ಟಿಲು ಇಳಿಯುವುದನ್ನು ಕಡಿಮೆ ಮಾಡಿ, ಎತ್ತರದ ಕುರ್ಚಿಯಿಂದ ಶುರು ಮಾಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ಸಕ್ಕರೆ ತೀರಾ ಕೆಳಗೆ ಇಳಿಯಬಹುದು, ಅವರು ಮೊದಲು ಡಾಕ್ಟರನ್ನು ಕೇಳಿ ಡೋಸ್ ಸರಿ ಮಾಡಿಸಿಕೊಳ್ಳಬೇಕು. ನಡೆಯುವಾಗ ಎದೆ ಬಿಗಿದರೆ, ದವಡೆಗೋ ಎಡಗೈಗೋ ನೋವು ಹರಿದರೆ ಅದು ಅಭ್ಯಾಸ ಇಲ್ಲದ್ದಕ್ಕೆ ಎಂದುಕೊಂಡು ಮುಂದುವರಿಸಬೇಡಿ. ಅಲ್ಲೇ ನಿಂತು, ಯಾರನ್ನಾದರೂ ಕರೆದು, ಕೂಡಲೇ ಆಸ್ಪತ್ರೆಗೆ ಹೋಗಿ.